ಕುದುರೆಯ ಮೇವಿಗೂ ವಿಜ್ಞಾನದ ಆಧಾರವಿರಲಿ

ಮೈಸೂರಿನ ಟಾಂಗಾ ಕುದುರೆಗಳಿಗೆ ಹುಲ್ಲು, ಹುರುಳಿ, ಬೂಸಾ ಎಷ್ಟೆಷ್ಟು ಹಾಕಬೇಕೆಂಬುದನ್ನು ಸಾಮಾನ್ಯವಾಗಿ ರೂಢಿಯೇ ನಿರ್ಧರಿಸುತ್ತದೆ. ರೂಢಿಯ ಹಿಂದೆ ಅನುಭವವಿದೆ, ನಿಜ. ಆದರೆ ಅದೊಂದೇ ಸಾಲದು.

ಕುದುರೆ ದನದಂತೆ ಮೆಲುಕು ಹಾಕುವ ಪ್ರಾಣಿಯಲ್ಲ. ದೇಹಕ್ಕೆ ಹೋಲಿಸಿದರೆ ಅದರ ಜಠರ ಚಿಕ್ಕದು. ವಾಂತಿ ಮಾಡುವುದೂ ಅದಕ್ಕೆ ಆಗದು. ಒಮ್ಮೆಲೇ ಹೆಚ್ಚು ಧಾನ್ಯ ತಿನ್ನಿಸಿದರೆ, ಜೀರ್ಣವಾಗದ ಪಿಷ್ಟ ದೊಡ್ಡ ಕರುಳಿಗೆ ಇಳಿದು ಹುಳಿಯುತ್ತದೆ. ಪ್ರಾಣಕ್ಕೇ ಎರವಾಗಬಲ್ಲ ಹೊಟ್ಟೆಶೂಲೆ, ನಡೆಯಲಾಗದಂತೆ ಮಾಡುವ ಗೊರಸಿನ ಉರಿಯೂತ ಹೀಗೆ ಬರುತ್ತವೆ. ಬೂಸಾದಲ್ಲಿ ಕ್ಯಾಲ್ಸಿಯಂಗಿಂತ ರಂಜಕ ಹಲವು ಪಟ್ಟು ಹೆಚ್ಚು; ಅದನ್ನೇ ಬಹುಕಾಲ ನೆಚ್ಚಿದರೆ ಮೂಳೆ ದುರ್ಬಲವಾಗುತ್ತದೆ. 400 ಕಿಲೊ ತೂಗುವ ಕುದುರೆಗೆ ದಿನಕ್ಕೆ ಕನಿಷ್ಠ 6 ಕಿಲೊದಷ್ಟು ನಾರಿನ ಒಣಮೇವು ಬೇಕು. ಮೇವು ಬದಲಿಸುವುದಿದ್ದರೆ ವಾರ, ಹತ್ತು ದಿನಗಳಲ್ಲಿ ಹಂತಹಂತವಾಗಿ ಬದಲಿಸಬೇಕು.

ಈ ತಿಳಿವಳಿಕೆಗೆ ಗಟ್ಟಿ ಆಕರಗಳಿವೆ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ ಕುದುರೆಗಳ ಪೋಷಕಾಂಶಗಳ ಕುರಿತ ಗ್ರಂಥವನ್ನು 2007ರಲ್ಲಿ ಪರಿಷ್ಕರಿಸಿದೆ. ನಮ್ಮ ದೇಶದಲ್ಲೇ, ಹರಿಯಾಣದ ಹಿಸಾರ್‌ನಲ್ಲಿ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರವಿದೆ. ಬೀದರ್‌ನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ.

ಅಲ್ಲಿರುವ ಜ್ಞಾನ ಟಾಂಗಾ ನಿಲ್ದಾಣವನ್ನೂ ತಲುಪಬೇಕು. ವಿಶ್ವವಿದ್ಯಾಲಯ ಸರಳ ಕನ್ನಡದಲ್ಲಿ, ಸ್ಥಳೀಯ ಮೇವುಗಳನ್ನೇ ಆಧರಿಸಿದ ಕೈಪಿಡಿ ಹಂಚಲಿ. ಪಶುಪಾಲನಾ ಇಲಾಖೆ ಕುದುರೆಗಳ ತೂಕ, ಹಲ್ಲು ಪರೀಕ್ಷಿಸಿ ಮೇವಿನ ಸಲಹೆ ನೀಡುವ ಶಿಬಿರಗಳನ್ನು ನಡೆಸಲಿ. ಮಾಲೀಕರೂ ಜಾಹೀರಾತು, ಬಾಯಿಮಾತು ನಂಬುವ ಮುನ್ನ ಪಶುವೈದ್ಯರನ್ನು ಕೇಳಲಿ. ದಿನವಿಡೀ ದುಡಿದು ಒಂದು ಕುಟುಂಬವನ್ನು ಸಾಕುವ ಪ್ರಾಣಿಗೆ ಸರಿಯಾದ ಆಹಾರ ಕೊಡುವುದು ದಯೆಯಲ್ಲ, ಕರ್ತವ್ಯ.