ಜಿನೀವಾದ ಉಮೇದುವಾರಿ, ಗುಬ್ಬಿಯ ಅನ್ನ

ವಿಶ್ವಸಂಸ್ಥೆಯ ಸಚಿವಾಲಯವು ವಿನ್ಯಾಸ ಕಲಿಯುತ್ತಿರುವ ಸ್ನಾತಕೋತ್ತರ ವಿದ್ಯಾರ್ಥಿಗಳನ್ನೂ ಇಂಟರ್ನ್‌ಗಳಾಗಿ ತೆಗೆದುಕೊಳ್ಳುತ್ತದೆ. ಎರಡರಿಂದ ಆರು ತಿಂಗಳ ಅವಧಿ. ವರದಿಗಳ ಪುಟ ವಿನ್ಯಾಸ, ಅಂಕಿಅಂಶಗಳಿಗೆ ಚಿತ್ರರೂಪ, ಭಿತ್ತಿಪತ್ರ, ಜಾಲತಾಣ ಇಂಥವು ಅಲ್ಲಿನ ಕೆಲಸ. ನ್ಯೂಯಾರ್ಕ್, ಜಿನೀವಾ, ನೈರೋಬಿಗಳ ಹೆಸರು ಕೇಳಿಯೇ ಹುಡುಗರ ಕಣ್ಣು ಅರಳುತ್ತದೆ. ಆದರೆ ಪ್ರಕಟಣೆಯನ್ನು ಕೊನೆಯವರೆಗೆ ಓದಿದವರಿಗೆ ಮಾತ್ರ ಕಾಣುವ ಷರತ್ತೊಂದಿದೆ: ಈ ಕೆಲಸಕ್ಕೆ ಸಂಬಳವಿಲ್ಲ, ವಿಮಾನದ ಟಿಕೆಟ್ಟು, ವೀಸಾ, ಬಾಡಿಗೆ, ಆರೋಗ್ಯ ವಿಮೆ ಎಲ್ಲವೂ ಅಭ್ಯರ್ಥಿಯ ಖರ್ಚು.

ಹಿಂದೆ ನಮ್ಮ ಕಚೇರಿಗಳಲ್ಲಿ ‘ಉಮೇದುವಾರಿ’ ಎಂಬ ಪದ್ಧತಿಯಿತ್ತು. ಮುಂದೆಂದಾದರೂ ಗುಮಾಸ್ತಿಕೆ ಸಿಕ್ಕೀತೆಂಬ ಆಸೆಯಿಂದ ತರುಣರು ಸಂಬಳವಿಲ್ಲದೆ ತಿಂಗಳುಗಟ್ಟಲೆ ಕಾಗದಪತ್ರಗಳ ನಕಲು ತೆಗೆಯುತ್ತಿದ್ದರು. ಮನೆಯಲ್ಲಿ ಅನ್ನಕ್ಕೆ ಕೊರತೆಯಿಲ್ಲದವರಿಗಷ್ಟೇ ಸಾಧ್ಯವಿದ್ದ ತಪಸ್ಸು ಅದು. ವಿಶ್ವಸಂಸ್ಥೆಯದು ಅದಕ್ಕಿಂತ ಒಂದು ಹೆಜ್ಜೆ ಮುಂದೆ. ಇಂಟರ್ನ್‌ಶಿಪ್ ಮುಗಿಸಿದವರು ಉದ್ಯೋಗದ ನಿರೀಕ್ಷೆ ಇಟ್ಟುಕೊಳ್ಳಬಾರದೆಂದು ಅದು ಮೊದಲೇ ತಿಳಿಸಿಬಿಡುತ್ತದೆ.

ಗುಬ್ಬಿಯ ಸಣ್ಣ ತೆಂಗಿನ ತೋಟದ ಮನೆಯ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿ. ಕುಣಿಗಲ್‌ನ ಶಾಲಾ ಶಿಕ್ಷಕರ ಮಗನೆಂದರೂ ಆದೀತು. ತುಮಕೂರಿನಲ್ಲಿ ಎಂಜಿನಿಯರಿಂಗ್ ಮುಗಿಸಿ, ಪ್ರವೇಶ ಪರೀಕ್ಷೆ ಗೆದ್ದು, ಬೆಂಗಳೂರಿನಲ್ಲಿ ತುಮಕೂರು ರಸ್ತೆಗೆ ಹೊಂದಿಕೊಂಡಂತೆಯೇ ಇರುವ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಆವರಣಕ್ಕೋ ಭಾರತೀಯ ವಿಜ್ಞಾನ ಸಂಸ್ಥೆಯ ವಿನ್ಯಾಸ ವಿಭಾಗಕ್ಕೋ ಆಕೆ ಸೇರಬಲ್ಲಳು. ಅಲ್ಲಿಯವರೆಗೆ ವಿದ್ಯಾರ್ಥಿವೇತನ, ಬ್ಯಾಂಕಿನ ಸಾಲ ಏನಾದರೊಂದು ಕೈಹಿಡಿಯುತ್ತದೆ. ಅಲ್ಲಿಂದಾಚೆಗೆ ಜಿನೀವಾದ ಬಾಡಿಗೆ ಕಟ್ಟಲು ಯಾವ ಬ್ಯಾಂಕೂ ಸುಲಭವಾಗಿ ಮುಂದೆ ಬರುವುದಿಲ್ಲ. ಅದೇ ತರಗತಿಯಲ್ಲಿ ಕುಳಿತ, ಅವಳಿಗಿಂತ ಕಡಿಮೆ ಅಂಕ ಪಡೆದ ಸಹಪಾಠಿಯ ತಂದೆ ಮಾತ್ರ ಮರುದಿನವೇ ಟಿಕೆಟ್ಟು ಕಾದಿರಿಸಬಲ್ಲರು.

ಇದು ನಮ್ಮ ಹಳ್ಳಿಗಾಡಿನ ಕೊರಗು ಮಾತ್ರವಲ್ಲ. 2015ರಲ್ಲಿ ನ್ಯೂಜಿಲೆಂಡಿನ 22 ವರ್ಷದ ತರುಣನೊಬ್ಬ ಜಿನೀವಾ ಸರೋವರದ ದಂಡೆಯಲ್ಲಿ ಡೇರೆ ಹಾಕಿಕೊಂಡು ವಿಶ್ವಸಂಸ್ಥೆಯ ಕಚೇರಿಗೆ ಇಂಟರ್ನ್ ಆಗಿ ಹೋಗಿಬರುತ್ತಿದ್ದ ಸುದ್ದಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಅದರಲ್ಲಿ ಗಮನ ಸೆಳೆಯುವ ಉದ್ದೇಶವೂ ಇತ್ತೆಂದು ಆತನೇ ಆಮೇಲೆ ಒಪ್ಪಿಕೊಂಡ. ಇರಲಿ, ಗಮನವಂತೂ ಹರಿಯಿತು. ಅದೇ ಊರಿನ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ತನ್ನ ಇಂಟರ್ನ್‌ಗಳಿಗೆ ಶಿಷ್ಯವೇತನ ಕೊಡುತ್ತದೆ. ವಿಶ್ವ ಆರೋಗ್ಯ ಸಭೆಯು 2018ರಲ್ಲಿ ನಿರ್ಣಯವೊಂದನ್ನು ಅಂಗೀಕರಿಸಿ, 2022ರ ವೇಳೆಗೆ ವಿಶ್ವ ಆರೋಗ್ಯ ಸಂಸ್ಥೆಯ ಇಂಟರ್ನ್‌ಗಳಲ್ಲಿ ಕನಿಷ್ಠ ಅರ್ಧದಷ್ಟು ಮಂದಿ ಹಿಂದುಳಿದ ಹಾಗೂ ಮಧ್ಯಮ ಆದಾಯದ ದೇಶಗಳವರಾಗಿರಬೇಕೆಂದು ಗುರಿ ಹಾಕಿತು. 2020ರಲ್ಲಿ ಶಿಷ್ಯವೇತನವೂ ಆರಂಭವಾಯಿತು. ಸದಸ್ಯ ರಾಷ್ಟ್ರಗಳು ಪಟ್ಟು ಹಿಡಿದದ್ದರಿಂದ ಆದ ಬದಲಾವಣೆ ಇದು ಎಂಬುದನ್ನು ಮರೆಯುವಂತಿಲ್ಲ.

ಕಲಿಯುವವನಿಗೆ ಮೊದಲು ಊಟ ಹಾಕಬೇಕೆಂಬ ತಿಳಿವಳಿಕೆ ಗುಬ್ಬಿಯವರಿಗೆ ಹೊಸದಲ್ಲ. 1884ರಲ್ಲಿ ಅಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿಯನ್ನು ನಾವು ನಟನೆಗಾಗಿಯೇ ನೆನೆಯುತ್ತೇವೆ. ಅದು ನಟರ ಮನೆಯಾಗಿದ್ದಷ್ಟೇ ವಿನ್ಯಾಸದ ಕಮ್ಮಟವೂ ಆಗಿತ್ತು. ಪರದೆ ಬರೆಯುವವರು, ಬಡಗಿಗಳು, ದರ್ಜಿಗಳು, ದೀಪದವರು, ಟ್ರಿಕ್ ಸೀನುಗಳ ಮೋಡಿಗಾರರು ಒಂದೇ ಚಪ್ಪರದಡಿ ದುಡಿದರು. ‘ಕುರುಕ್ಷೇತ್ರ’ ನಾಟಕದಲ್ಲಿ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದರೆಂದರೆ ಆ ರಂಗದ ಹಲಗೆಗಳನ್ನು ಜೋಡಿಸಿದವರ ಲೆಕ್ಕಾಚಾರ ಎಂಥದಿದ್ದೀತು! ಕೈಯಲ್ಲಿ ಕಾಸಿಲ್ಲದೆ ಬಂದ ಹುಡುಗರಿಗೂ ಕಂಪನಿಯ ಊಟದ ಸಾಲಿನಲ್ಲಿ ಎಲೆ ಬೀಳುತ್ತಿತ್ತು. ಆ ಬದುಕು ಸುಖದ್ದಾಗಿರಲಿಲ್ಲ. ಬಿಡಾರದಿಂದ ಬಿಡಾರಕ್ಕೆ ಅಲೆತ, ನಿದ್ದೆಗೆಟ್ಟ ರಾತ್ರಿಗಳು. ಆದರೂ ಮನೆ ಬಿಟ್ಟು ಓಡಿಬಂದ ಬಂಟ್ವಾಳ ಸೀಮೆಯ ಬಾಲಕನೊಬ್ಬನನ್ನು ಸೇರಿಸಿಕೊಂಡ ಗುಬ್ಬಿ ವೀರಣ್ಣನವರು, ಮುಂದೆ ಅವನನ್ನು ಉನ್ನತ ವ್ಯಾಸಂಗಕ್ಕೆಂದು ಕಾಶಿಗೂ ಕಳುಹಿಸಿದರು. ಆ ಹುಡುಗನೇ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾಗಿ, ಮೈಸೂರಿನಲ್ಲಿ 1989ರಲ್ಲಿ ರಂಗಾಯಣ ಕಟ್ಟಿದ ಬಿ.ವಿ. ಕಾರಂತರು. ಟಿಕೆಟ್ಟಿನ ಹಣದಿಂದ ನಡೆಯುತ್ತಿದ್ದ ಒಂದು ಖಾಸಗಿ ಕಂಪನಿಗೆ ಸಾಧ್ಯವಾದದ್ದು 193 ರಾಷ್ಟ್ರಗಳ ಸಂಸ್ಥೆಗೆ ಸಾಧ್ಯವಿಲ್ಲವೆಂದರೆ ನಂಬುವುದು ಕಷ್ಟ.

ನ್ಯಾಯದ ಮಾತು ಒಂದೆಡೆಯಿರಲಿ. ಜೇಬು ನೋಡಿ ಆರಿಸುವುದರಿಂದ ಆ ಸಂಸ್ಥೆಗಳಿಗೇ ಆಗುವ ನಷ್ಟ ಇನ್ನೊಂದಿದೆ. ತುಮಕೂರು ಜಿಲ್ಲೆಯ ಬಯಲು ಸೀಮೆಯವರೆಲ್ಲ ಬಲ್ಲ ಬೋರ್‌ವೆಲ್ ಕೈಪಂಪನ್ನೇ ನೋಡಿ. ಬರಗಾಲದ ವರ್ಷಗಳಲ್ಲಿ ಯುನಿಸೆಫ್ ನೆರವಿನಿಂದ ಗಟ್ಟಿ ಕಲ್ಲಿನಲ್ಲಿ ಕೊಳವೆಬಾವಿ ಕೊರೆದದ್ದಾಯಿತು; ಆದರೆ ಮೇಲೆ ಕೂರಿಸಿದ ಎರಕದ ಪಂಪುಗಳು ಬೇಗನೆ ಮುರಿದು ಬೀಳುತ್ತಿದ್ದವು. ಪರದೇಶದ ಒಂಟಿ ಮನೆಯೊಂದರ ಬಳಕೆಗೆಂದು ರೂಪಿಸಿದ ಯಂತ್ರದ ನಕಲುಗಳವು; ಬೆಳಗಿನಿಂದ ರಾತ್ರಿಯವರೆಗೆ ಇಡೀ ಊರೇ ಜಗ್ಗಿದರೆ ತಾಳುವುದೆಂತು? ಪರಿಹಾರ ಸಿಕ್ಕಿದ್ದು ಸೊಲ್ಲಾಪುರದ ಒಂದು ಮಿಷನ್ ಕಾರ್ಯಾಗಾರದಲ್ಲಿ ಸಿದ್ಧವಾಗಿದ್ದ ಉಕ್ಕಿನ ಪಂಪಿನಲ್ಲಿ. ಅದನ್ನೇ ಆಧಾರವಾಗಿಟ್ಟುಕೊಂಡು 1970ರ ದಶಕದಲ್ಲಿ ಸರ್ಕಾರ, ಯುನಿಸೆಫ್ ಹಾಗೂ ಮದರಾಸಿನ ರಿಚರ್ಡ್‌ಸನ್ ಅಂಡ್ ಕ್ರುಡಾಸ್ ಕಾರ್ಖಾನೆ ಕೂಡಿ ‘ಇಂಡಿಯಾ ಮಾರ್ಕ್-2’ ರೂಪಿಸಿದವು. ಕೊಯಮತ್ತೂರಿನ ಸೀಮೆಯ ಬಾವಿಗಳ ಮೇಲೆ ಪರೀಕ್ಷಿಸಿದವು. ಪೇಟೆಂಟಿನ ಬೇಲಿಯಿಲ್ಲದ ಆ ಪಂಪು ಆಫ್ರಿಕದ ಹಳ್ಳಿಗಳಿಗೂ ಹೋಯಿತು. ಅಂತರರಾಷ್ಟ್ರೀಯ ಸಂಸ್ಥೆಯೊಂದು ಭಾಗಿಯಾದ ಅತ್ಯುತ್ತಮ ವಿನ್ಯಾಸಗಳಲ್ಲಿ ಅದೊಂದೆಂದು ನನ್ನ ಅಭಿಪ್ರಾಯ. ಆ ಹಿಡಿಕೆಯನ್ನು ಬಾಲ್ಯದಲ್ಲಿ ಜೋತುಬಿದ್ದು ಜಗ್ಗಿದ ಹುಡುಗಿಗೆ ನೀರಿನ ಬಗ್ಗೆ ತಿಳಿದಿರುವುದು ಭಿತ್ತಿಪತ್ರ ಬರೆಯುವ ಇನ್ನೊಬ್ಬರಿಗೆ ತಿಳಿದಿರಲಾರದು.

ವಿಶ್ವಸಂಸ್ಥೆ ಈಗ ಹಣದ ಮುಗ್ಗಟ್ಟಿನಲ್ಲಿದೆ, 2025ರಿಂದ ಹುದ್ದೆಗಳನ್ನೇ ಕಡಿತ ಮಾಡುತ್ತಿದೆ ಎಂಬ ಆಕ್ಷೇಪ ಬರುತ್ತದೆ. ನಿಜ. ಆದರೆ ಮುಗ್ಗಟ್ಟಿನಲ್ಲಿ ಹುದ್ದೆಗಳು ಕರಗಿದಷ್ಟೂ ಸಂಬಳವಿಲ್ಲದ ಕೈಗಳ ಮೇಲಿನ ಆಸೆ ಹೆಚ್ಚುವುದೇ ಲೋಕರೂಢಿ. ಕೋವಿಡ್ ನಂತರ ಮನೆಯಿಂದಲೇ ಮಾಡಬಹುದಾದ ಇಂಟರ್ನ್‌ಶಿಪ್‌ಗಳೂ ಬಂದಿವೆ. ಬಾಡಿಗೆ ಉಳಿಯುತ್ತದೆ, ಸಂಬಳ ಮಾತ್ರ ಹುಟ್ಟುವುದಿಲ್ಲ. ಒಳ್ಳೆಯ ಕಂಪ್ಯೂಟರು, ತಂತ್ರಾಂಶಗಳ ಬಾಡಿಗೆ ಪುನಃ ವಿದ್ಯಾರ್ಥಿಯ ತಲೆಯ ಮೇಲೆಯೇ.

ಸಂಸ್ಥೆಯ ಆಯವ್ಯಯಕ್ಕೆ ಒಪ್ಪಿಗೆ ಕೊಡುವ ಮಹಾಸಭೆಯಲ್ಲಿ ಭಾರತಕ್ಕೂ ಒಂದು ಮತವಿದೆ. ಆರೋಗ್ಯ ಸಂಸ್ಥೆಯಲ್ಲಿ ಆದ ಬದಲಾವಣೆಯನ್ನು ಅಲ್ಲಿಯೂ ಕೇಳಬೇಕಾದವರು ನಮ್ಮ ಪ್ರತಿನಿಧಿಗಳು. ಅಲ್ಲಿಯವರೆಗೆ ರಾಜ್ಯ ಸರ್ಕಾರವು ಹೊರದೇಶದ ವ್ಯಾಸಂಗಕ್ಕೆ ಕೊಡುತ್ತಿರುವ ನೆರವನ್ನು ಇಂಥ ಆರು ತಿಂಗಳಿಗೂ ವಿಸ್ತರಿಸಬಹುದು; ವರ್ಷಕ್ಕೆ ಹತ್ತಾರು ಮಂದಿಗೆ ಕೊಟ್ಟರೂ ಬೊಕ್ಕಸಕ್ಕೆ ಹೊರೆಯಾಗದು. ಇನ್ನೂ ಸುಲಭದ ದಾರಿ ಊರಲ್ಲೇ ಇದೆ. 2016ರಲ್ಲಿ ತುಮಕೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. 2020ರಲ್ಲಿ ಕೇಂದ್ರ ಸರ್ಕಾರ ನಗರಾಡಳಿತಗಳಲ್ಲಿ ಹೊಸ ಪದವೀಧರರ ಇಂಟರ್ನ್‌ಶಿಪ್‌ಗೆಂದು ‘ಟುಲಿಪ್’ ಯೋಜನೆ ತಂದಿತು. ಸ್ಮಾರ್ಟ್ ಸಿಟಿ ಅಭಿಯಾನದ ಅವಧಿ 2025ರ ಮಾರ್ಚ್‌ಗೆ ಮುಗಿಯಿತಾದರೂ ಬಸ್ ನಿಲ್ದಾಣದ ಫಲಕ, ಆಸ್ಪತ್ರೆಯ ದಾರಿಸೂಚಿ, ಅಂಗವಿಕಲರು ಏರಬಹುದಾದ ಪಾದಚಾರಿ ಮಾರ್ಗ ಇವೆಲ್ಲ ವಿನ್ಯಾಸಕ್ಕಾಗಿ ಕಾಯುತ್ತಲೇ ಇವೆ. ಯುನಿಸೆಫ್‌ನಂಥ ಸಂಸ್ಥೆಗಳು ಪಾಲಿಕೆಯೊಂದಿಗೆ ಕೈಜೋಡಿಸಿ, ನಾಲ್ಕು ತಿಂಗಳು ಇಲ್ಲಿ ಕೆಲಸ, ಎರಡು ತಿಂಗಳು ಜಿನೀವಾದಲ್ಲಿ ಎಂದು ಇಂಟರ್ನ್‌ಶಿಪ್ಪನ್ನು ಹಂಚಿದರೆ ಖರ್ಚೂ ಇಳಿಯುತ್ತದೆ, ಗುಬ್ಬಿಯ ಹುಡುಗಿ ಮೊದಲ ನಾಲ್ಕು ತಿಂಗಳು ಮನೆಯಿಂದಲೇ ಬಸ್ಸಿನಲ್ಲಿ ಬಂದುಹೋಗಬಹುದು.