ಗಾಳಿ ವಿದ್ಯುತ್ ಯೋಜನೆ: ಬೋರ್ಡಿನಲ್ಲಿ ದೊಡ್ಡ ಕಂಪನಿಯ ಹೆಸರಿದ್ದರೆ ಸಾಕೇ? ಗುತ್ತಿಗೆದಾರರನ್ನು ನಂಬುವ ಮುನ್ನ ಏನು ನೋಡಬೇಕು?

ಗಾಳಿಯಂತ್ರಗಳು ಮೋಡ ಓಡಿಸುತ್ತವೆ, ಅದರಿಂದಲೇ ಮಳೆ ಕಡಿಮೆಯಾಯಿತು ಎಂಬ ಮಾತು ಉತ್ತರ ಕರ್ನಾಟಕದಲ್ಲಿ ಆಗಾಗ ಕೇಳಿಬರುತ್ತದೆ. ಇದು ತಪ್ಪು ತಿಳಿವಳಿಕೆ. ಇಂದಿನ ದೊಡ್ಡ ಯಂತ್ರದ ರೆಕ್ಕೆಯ ತುದಿ ನೆಲದಿಂದ ಸುಮಾರು 200 ಮೀಟರ್ ಎತ್ತರಕ್ಕೆ ಹೋಗುತ್ತದೆ. ಮಳೆ ತರುವ ಮೋಡಗಳ ವ್ಯವಸ್ಥೆ ಹಲವು ಕಿಲೋಮೀಟರ್ ಎತ್ತರ, ನೂರಾರು ಕಿಲೋಮೀಟರ್ ಅಗಲ ಇರುತ್ತದೆ. ಗುಡ್ಡದ ಮೇಲಿನ ಕೆಲವು ಕಂಬಗಳು ಅದನ್ನು ಅಲುಗಾಡಿಸಲಾರವು.

ಆದರೆ ಇನ್ನೊಂದು ಬಗೆಯ ಸಂದೇಶವನ್ನು ಯಾರೂ ಅಷ್ಟಾಗಿ ಪ್ರಶ್ನಿಸುವುದಿಲ್ಲ. "ನಮ್ಮ ಭಾಗಕ್ಕೆ ದೊಡ್ಡ ಗಾಳಿ ವಿದ್ಯುತ್ ಕಂಪನಿ ಬರುತ್ತಿದೆ. ಜಮೀನು ಕೊಡುವವರು, ಜೆಸಿಬಿ, ಟಿಪ್ಪರ್ ಇರುವವರು ಕೂಡಲೇ ಸಂಪರ್ಕಿಸಿ." ಹಾನಗಲ್ ತಾಲ್ಲೂಕಿನ ತಿಳವಳ್ಳಿಯಂಥ ಊರಿನ ಗುಂಪಿಗೆ ಇಂಥ ಸಂದೇಶ ಬಂದರೆ ಅದು ಅಸಾಧ್ಯ ಎನಿಸುವುದಿಲ್ಲ. ಶಿಗ್ಗಾಂವಿ, ಸವಣೂರು ದಾಟಿದರೆ ಗದಗ ಜಿಲ್ಲೆ. ಅಲ್ಲಿನ ಕಪ್ಪತಗುಡ್ಡದ ಸುತ್ತ ಗಾಳಿಯಂತ್ರಗಳು ಬಹಳ ವರ್ಷಗಳಿಂದ ತಿರುಗುತ್ತಿವೆ. 2024–25ರ ಹಣಕಾಸು ವರ್ಷದಲ್ಲಿ ಇಡೀ ದೇಶದಲ್ಲಿ ಅತಿ ಹೆಚ್ಚು ಹೊಸ ಗಾಳಿ ವಿದ್ಯುತ್ ಸಾಮರ್ಥ್ಯ ಸೇರಿಸಿದ್ದು ಕರ್ನಾಟಕವೇ. ಅದು ಸುಮಾರು 1,331 ಮೆಗಾವ್ಯಾಟ್.

ಹಾಗಾದರೆ ಬರುವವರನ್ನು ನಂಬುವುದು ಹೇಗೆ? ಬೋರ್ಡಿನ ಮೇಲಿನ ಹೆಸರು ನೋಡಿ ನಂಬಿದರೆ ಸಾಲದು. ಯಾವ ಕೆಲಸಕ್ಕೆ ಯಾರು ಹೊಣೆ ಎಂದು ಕಾಗದದಲ್ಲಿ ಬರೆದಿರುವುದನ್ನು ನೋಡಿ ನಂಬಬೇಕು. ಯಾಕೆ ಎಂದು ಮುಂದೆ ವಿವರಿಸುತ್ತೇವೆ.

ಒಂದು ಕಂಬದ ಹಿಂದೆ ಎಷ್ಟು ಜನ?

ಗಾಳಿ ವಿದ್ಯುತ್ ಯೋಜನೆಯನ್ನು ಒಂದೇ ಕಂಪನಿ ಕಟ್ಟುವುದು ಅಪರೂಪ. ಹಣ ಹೂಡಿ, ವಿದ್ಯುತ್ ಮಾರುವ ಯೋಜನೆಯ ಮಾಲೀಕ ಒಬ್ಬ. ಯಂತ್ರ ತಯಾರಿಸುವ ಕಂಪನಿ ಇನ್ನೊಂದು. ರಸ್ತೆ, ಅಡಿಪಾಯ, ವಿದ್ಯುತ್ ಮಾರ್ಗದ ಕೆಲಸ ಹಿಡಿಯುವ ಮುಖ್ಯ ಗುತ್ತಿಗೆದಾರ ಮತ್ತೊಬ್ಬ. ಅವರ ಕೆಳಗೆ ಸಿವಿಲ್ ಕೆಲಸದವರು, ಕ್ರೇನ್‌ನವರು, ಸಾಗಣೆಯವರು, ಲೈನ್ ಎಳೆಯುವವರು, ಕಾವಲಿನವರು ಇರುತ್ತಾರೆ. ಇವರೆಲ್ಲರಿಗಿಂತ ಮೊದಲು ಊರಿಗೆ ಕಾಲಿಡುವವನು ಜಮೀನು ಗೊತ್ತು ಮಾಡುವ ಏಜೆಂಟ್.

ರೈತರು ಮಾತಾಡುವುದು ಈ ಏಜೆಂಟ್ ಜೊತೆ. ಟಿಪ್ಪರ್ ಮಾಲೀಕ ಮಾತಾಡುವುದು ಮೂರನೇ ಹಂತದ ಉಪಗುತ್ತಿಗೆದಾರನ ಜೊತೆ. ಆದರೆ ಇಬ್ಬರೂ "ಆ ದೊಡ್ಡ ಕಂಪನಿಯ ಕೆಲಸ" ಎಂದೇ ತಿಳಿದಿರುತ್ತಾರೆ. ತೊಂದರೆ ಶುರುವಾಗುವುದು ಇಲ್ಲಿಂದ. ಕಟ್ಟುವ ಕೆಲಸ ಸಾಮಾನ್ಯವಾಗಿ ಒಂದೆರಡು ವರ್ಷದಲ್ಲಿ ಮುಗಿಯುತ್ತದೆ, ಗುತ್ತಿಗೆದಾರ ಹೊರಟುಹೋಗುತ್ತಾನೆ. ಯಂತ್ರ ಮಾತ್ರ 20–25 ವರ್ಷ ಅದೇ ಹೊಲದಲ್ಲಿ ನಿಂತಿರುತ್ತದೆ.

"ದೊಡ್ಡ ಕಂಪನಿ, ಮುಳುಗುವುದಿಲ್ಲ" – ನಿಜವೇ?

ಈ ನಂಬಿಕೆಗೆ ಗಾಳಿ ವಿದ್ಯುತ್ ಉದ್ಯಮದ ಇತಿಹಾಸವೇ ಉತ್ತರ ಕೊಡುತ್ತದೆ.

ಎನರ್ಕಾನ್ ಇಂಡಿಯಾ ಒಂದು ಕಾಲದಲ್ಲಿ ದೇಶದ ದೊಡ್ಡ ಗಾಳಿಯಂತ್ರ ಕಂಪನಿಗಳಲ್ಲಿ ಒಂದಾಗಿತ್ತು. ಚಿತ್ರದುರ್ಗ ಜಿಲ್ಲೆಯಲ್ಲೂ ಅದರ ಯಂತ್ರಗಳು ನಿಂತವು. ಜರ್ಮನಿಯ ಮೂಲ ಕಂಪನಿಗೂ ಭಾರತದ ಪಾಲುದಾರರಿಗೂ ಜಗಳವಾಯಿತು. ಅದು ಸುಪ್ರೀಂ ಕೋರ್ಟ್ ತನಕ ಹೋಗಿ, 2014ರಲ್ಲಿ ವಿವಾದವನ್ನು ಮಧ್ಯಸ್ಥಿಕೆಗೆ ಒಪ್ಪಿಸುವ ತೀರ್ಪು ಬಂತು. ವಿಂಡ್ ವರ್ಲ್ಡ್ ಇಂಡಿಯಾ ಎಂದು ಹೆಸರು ಬದಲಿಸಿಕೊಂಡ ಈ ಕಂಪನಿ 2018ರಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಚೆನ್ನೈನ ರೀಜೆನ್ ಪವರ್‌ಟೆಕ್ 2019ರಲ್ಲಿ ಅದೇ ದಾರಿ ಹಿಡಿಯಿತು. ಸುಜ್ಲಾನ್ 2012ರಲ್ಲಿ, ಮತ್ತೆ 2019ರಲ್ಲಿ ಬಾಂಡ್ ಹಣ ಮರಳಿಸಲಾಗದೆ ಸಿಕ್ಕಿಕೊಂಡಿತು. 2020ರಲ್ಲಿ ಸಾಲದ ಮರುಹೊಂದಾಣಿಕೆ ಆದ ಮೇಲೆ ಚೇತರಿಸಿಕೊಂಡಿತು.

ಈ ಕಂಪನಿಗಳ ಕಷ್ಟಕ್ಕೆ ಬೇರೆ ಬೇರೆ ಕಾರಣಗಳಿದ್ದವು. ಇಡೀ ಉದ್ಯಮವನ್ನು ಹಿಂಡಿದ ಒಂದು ಬದಲಾವಣೆ 2017ರಲ್ಲಿ ಆಯಿತು. ಅಲ್ಲಿಯ ತನಕ ಗಾಳಿ ವಿದ್ಯುತ್ತಿಗೆ ರಾಜ್ಯಗಳ ವಿದ್ಯುತ್ ನಿಯಂತ್ರಣ ಆಯೋಗಗಳು ದರ ಗೊತ್ತು ಮಾಡುತ್ತಿದ್ದವು. ಆ ವರ್ಷದಿಂದ, ಕಡಿಮೆ ದರ ಹೇಳಿದವರಿಗೆ ಯೋಜನೆ ಎಂಬ ಹರಾಜು ಬಂತು. ಫೆಬ್ರವರಿಯ ಮೊದಲ ಹರಾಜಿನಲ್ಲಿ ಯೂನಿಟ್‌ಗೆ 3.46 ರೂ. ಇದ್ದ ದರ ಡಿಸೆಂಬರ್‌ನಲ್ಲಿ ಗುಜರಾತಿನ ಹರಾಜಿನ ಹೊತ್ತಿಗೆ 2.43 ರೂ.ಗೆ ಇಳಿಯಿತು. ಗ್ರಾಹಕರಿಗೆ ಇದು ಲಾಭವೇ. ಆದರೆ ಮೇಲೆ ದರ ಇಳಿದಾಗ ಆ ಒತ್ತಡ ಯಂತ್ರ ತಯಾರಕನಿಗೆ, ಅವನಿಂದ ಗುತ್ತಿಗೆದಾರನಿಗೆ, ಕೊನೆಗೆ ಉಪಗುತ್ತಿಗೆದಾರನಿಗೆ ಇಳಿಯುತ್ತದೆ. ಸರಪಳಿಯ ತುದಿಯಲ್ಲಿ ಇರುವವನು ನಮ್ಮೂರಿನ ಟಿಪ್ಪರ್ ಮಾಲೀಕ.

ಕಡಿಮೆ ದರದವನೇ ಒಳ್ಳೆಯ ಗುತ್ತಿಗೆದಾರನೇ?

ಸರ್ಕಾರಿ ಕಾಮಗಾರಿಯ ಟೆಂಡರ್‌ನಲ್ಲಿ 'ಎಲ್1' ಎಂಬ ಮಾತನ್ನು ನೀವು ಕೇಳಿರಬಹುದು. ಎಲ್ಲರಿಗಿಂತ ಕಡಿಮೆ ದರ ಹೇಳಿದವನು ಎಂದರ್ಥ. ಕರ್ನಾಟಕದಲ್ಲಿ ಸರ್ಕಾರಿ ಖರೀದಿಗೆ 1999ರ ಪಾರದರ್ಶಕತೆ ಕಾಯ್ದೆ ಇದೆ. ಖಾಸಗಿ ಗಾಳಿ ವಿದ್ಯುತ್ ಯೋಜನೆಗೆ ಅದು ಅನ್ವಯಿಸುವುದಿಲ್ಲ. ಯಾರನ್ನು ಆರಿಸಬೇಕು ಎಂಬುದು ಮಾಲೀಕನಿಗೆ ಬಿಟ್ಟದ್ದು. ದರವನ್ನಷ್ಟೇ ನೋಡಿ ಆರಿಸಿದರೆ ಏನಾಗಬಹುದು ಎಂಬುದಕ್ಕೆ ಅಡಿಪಾಯದ ಕೆಲಸವೇ ಒಳ್ಳೆಯ ಉದಾಹರಣೆ.

ಒಂದು ದೊಡ್ಡ ಯಂತ್ರದ ಅಡಿಪಾಯಕ್ಕೆ ಕೆಲವು ನೂರು ಘನ ಮೀಟರ್ ಕಾಂಕ್ರೀಟ್ ಬೇಕು. 500 ಘನ ಮೀಟರ್ ಎಂದುಕೊಳ್ಳಿ. ಒಂದು ಮಿಕ್ಸರ್ ಲಾರಿ ಸುಮಾರು 6 ಘನ ಮೀಟರ್ ತರುತ್ತದೆ. ಅಂದರೆ 80ಕ್ಕೂ ಹೆಚ್ಚು ಲೋಡ್. ಇದನ್ನೆಲ್ಲ ನಡುವೆ ನಿಲ್ಲಿಸದೆ ಒಂದೇ ಸಲಕ್ಕೆ ಸುರಿಯಬೇಕು. ಮಧ್ಯೆ ಮಿಶ್ರಣ ಘಟಕ ಕೆಟ್ಟುನಿಂತರೆ ಮೊದಲ ಪದರ ಗಟ್ಟಿಯಾಗಿಬಿಡುತ್ತದೆ, ಮೇಲೆ ಸುರಿದದ್ದು ಅದರೊಂದಿಗೆ ಬೆಸೆಯುವುದಿಲ್ಲ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗದು. ಆದರೆ ಅದರ ಮೇಲೆ ನಿಲ್ಲುವ ಗೋಪುರವನ್ನು ಗಾಳಿ ವರ್ಷಗಟ್ಟಲೆ ಹಗಲು ರಾತ್ರಿ ತಳ್ಳುತ್ತಿರುತ್ತದೆ. ಹಾಗಾಗಿ ಒಳ್ಳೆಯ ಮಾಲೀಕ ಕೇಳುವ ಮೊದಲ ಪ್ರಶ್ನೆ, "ಕೆಲಸದ ದಿನ ಬದಲಿ ಮಿಶ್ರಣ ಘಟಕ, ಬದಲಿ ಪಂಪ್, ಬದಲಿ ಜನರೇಟರ್ ಇರುತ್ತವೆಯೇ?" ಇವೆಲ್ಲ ಸಿದ್ಧವಿಟ್ಟುಕೊಂಡವನ ದರ ಸ್ವಲ್ಪ ಹೆಚ್ಚೇ ಇರುತ್ತದೆ.

ಎರಡನೆಯದು ಮಣ್ಣು. ನಮ್ಮ ಭಾಗದ ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಮಸಾರಿ ಮಣ್ಣಿನ ನಡತೆಯೇ ಬೇರೆ. ಆದ್ದರಿಂದ ಪ್ರತಿ ಕಂಬದ ಜಾಗದಲ್ಲೂ ಬೋರ್ ಕೊರೆದು ಮಣ್ಣು ಪರೀಕ್ಷೆ ಮಾಡಬೇಕು. "ಪಕ್ಕದ ಹೊಲದ ವರದಿಯೇ ಸಾಕು" ಎನ್ನುವ ಗುತ್ತಿಗೆದಾರನ ಬಗ್ಗೆ ಎಚ್ಚರ ಬೇಕು.

ಮೂರನೆಯದು ಕಾಲ. ಸುಮಾರು 70 ಮೀಟರ್ ಉದ್ದದ ರೆಕ್ಕೆ ಎಂದರೆ ಆರು ಬಸ್ಸು ಸಾಲಾಗಿ ನಿಂತಷ್ಟು. ಗಾಳಿ ಜೋರಾಗಿದ್ದಾಗ ಇಂಥ ರೆಕ್ಕೆಯನ್ನು ಕ್ರೇನ್‌ನಲ್ಲಿ ಎತ್ತುವುದು ಅಪಾಯ. ನಮ್ಮಲ್ಲಿ ಗಾಳಿ ಹೆಚ್ಚು ಬೀಸುವುದು ಜೂನ್‌ನಿಂದ ಸೆಪ್ಟೆಂಬರ್ ತನಕ. ಅದೇ ಹೊತ್ತಿಗೆ ಎರೆ ಹೊಲದ ದಾರಿಯಲ್ಲಿ ಭಾರಿ ವಾಹನ ಹೂತುಹೋಗುತ್ತದೆ, ಹೊಲದಲ್ಲಿ ಮುಂಗಾರಿನ ಗೋವಿನಜೋಳ ನಿಂತಿರುತ್ತದೆ. ಈ ತಿಂಗಳುಗಳಲ್ಲೂ ನಿಲ್ಲದೆ ಕೆಲಸ ಮಾಡಿ ಬೇಗ ಮುಗಿಸುತ್ತೇವೆ ಎನ್ನುವವನಿಗೆ ಹೇಗೆ ಎಂದು ಕೇಳಲೇಬೇಕು.

ಇವಲ್ಲದೆ ಒಳ್ಳೆಯ ಮಾಲೀಕರು ನೋಡುವ ಇನ್ನಷ್ಟು ಸಂಗತಿಗಳಿವೆ. ಮುಗಿಸಿದ ಯೋಜನೆಗಳು ಯಾವುವು, ಅಲ್ಲಿನ ಮಾಲೀಕರು ಏನೆನ್ನುತ್ತಾರೆ? ಬ್ಯಾಂಕ್ ಗ್ಯಾರಂಟಿ, ವಿಮೆ ಇದೆಯೇ? ಲೈನ್ ಕೆಲಸದವರಿಗೆ ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯದ ಗುತ್ತಿಗೆದಾರ ಪರವಾನಗಿ ಇದೆಯೇ? ಸುರಕ್ಷತೆಯ ದಾಖಲೆ ಹೇಗಿದೆ? ತಾವು ಆರಿಸಿದ ಯಂತ್ರದ ಮಾದರಿ ಕೇಂದ್ರ ನವೀಕರಿಸಬಹುದಾದ ಇಂಧನ ಸಚಿವಾಲಯದ ಅನುಮೋದಿತ ಪಟ್ಟಿಯಲ್ಲಿ ಇದೆಯೇ ಎಂಬುದನ್ನೂ ಅವರು ನೋಡಿಕೊಳ್ಳುತ್ತಾರೆ.

ಜಮೀನು ಕೊಡುವವರು ಏನು ನೋಡಬೇಕು?

1. ಕಂಪನಿಯ ಪೂರ್ಣ ಹೆಸರು ಕೇಳಿ. ಕೇಂದ್ರ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಆ ಹೆಸರು ಹುಡುಕಿದರೆ ಅದು ಯಾವಾಗ ನೋಂದಣಿಯಾಯಿತು, ಈಗ ಚಾಲ್ತಿಯಲ್ಲಿದೆಯೇ, ದಿವಾಳಿ ಪ್ರಕ್ರಿಯೆಯಲ್ಲಿದೆಯೇ ಎಂಬುದು ಸಿಗುತ್ತದೆ. ಜಿಎಸ್‌ಟಿ ಸಂಖ್ಯೆಯನ್ನೂ ಆನ್‌ಲೈನ್‌ನಲ್ಲಿ ಪರಿಶೀಲಿಸಬಹುದು. ದೊಡ್ಡ ಕಂಪನಿಗಳು ಒಂದೊಂದು ಯೋಜನೆಗೂ ಬೇರೆ ಹೆಸರಿನ ಸಣ್ಣ ಕಂಪನಿ ತೆರೆಯುವುದು ಸಾಮಾನ್ಯ. ಅದು ಮೋಸವಲ್ಲ. ಆದರೆ ನಿಮ್ಮ ಒಪ್ಪಂದ ಯಾವುದರ ಜೊತೆ ಎಂಬುದು ನಿಮಗೆ ಗೊತ್ತಿರಬೇಕು.

2. ಏಜೆಂಟ್ ಕೈಯಲ್ಲಿ ಕಂಪನಿಯ ಅಧಿಕಾರ ಪತ್ರ ಇದೆಯೇ ನೋಡಿ. ಖಚಿತಪಡಿಸಿಕೊಳ್ಳಲು ಅವನ ವಿಸಿಟಿಂಗ್ ಕಾರ್ಡಿನ ನಂಬರಿಗೆ ಕರೆ ಮಾಡಬೇಡಿ. ಕಂಪನಿಯ ಸ್ವಂತ ಜಾಲತಾಣದ ನಂಬರಿಗೆ ಮಾಡಿ.

3. ಜಮೀನು ಕೊಡುವವರು ಹಣ ಕಟ್ಟುವ ಪ್ರಶ್ನೆಯೇ ಇಲ್ಲ. ನೋಂದಣಿ ಶುಲ್ಕ, ಸರ್ವೆ ಶುಲ್ಕ, ತೆರಿಗೆ ಮುಂಗಡ ಎಂದು ಕೇಳಿದರೆ ಅದು ಮೊಬೈಲ್ ಟವರ್ ಹೆಸರಿನಲ್ಲಿ ನಡೆಯುವ ವಂಚನೆಯ ಅದೇ ಅಚ್ಚು.

4. ಒಂದು ವರ್ಷಕ್ಕಿಂತ ಹೆಚ್ಚಿನ ಗುತ್ತಿಗೆ ಪತ್ರ ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾಗಲೇಬೇಕು. ಸಾದಾ ಬಾಂಡ್ ಪೇಪರ್‌ನಲ್ಲಿ ನೋಟರಿ ಮಾಡಿಸಿದರೆ ಸಾಲದು. 'ಗುತ್ತಿಗೆ' ಎಂದು ಹೇಳಿ ಮಾರಾಟದ ಕರಾರಿಗೆ ಅಥವಾ ಜನರಲ್ ಪವರ್ ಆಫ್ ಅಟಾರ್ನಿಗೆ ಸಹಿ ಕೇಳಿದರೆ ಅಲ್ಲೇ ನಿಲ್ಲಿಸಿ, ವಕೀಲರಿಗೆ ತೋರಿಸಿ.

5. ಒಪ್ಪಂದದಲ್ಲಿ ನಾಲ್ಕು ಮಾತು ಇರಲಿ. ಇಷ್ಟು ವರ್ಷದಲ್ಲಿ ಕೆಲಸ ಶುರುವಾಗದಿದ್ದರೆ ಒಪ್ಪಂದ ರದ್ದು. ಬೆಳೆ, ಬದು, ಪೈಪ್‌ಲೈನ್ ಹಾಳಾದರೆ ಪರಿಹಾರ ಕೊಡುವವರು ಯಾರು. ಕಂಪನಿ ಕೈ ಬದಲಾದರೆ ಹೊಸಬರಿಗೂ ಇದೇ ಷರತ್ತು. ಯಂತ್ರದ ಆಯುಷ್ಯ ಮುಗಿದ ಮೇಲೆ ಕಂಬ, ಕಾಂಕ್ರೀಟ್ ತೆಗೆಯುವ ಖರ್ಚು ಯಾರದು.

ದೂರದ ಲೆಕ್ಕವೂ ತಿಳಿದಿರಲಿ. ಕೇಂದ್ರ ಸಚಿವಾಲಯದ 2016ರ ಮಾರ್ಗಸೂಚಿ ಪ್ರಕಾರ ರಸ್ತೆ, ರೈಲು ಹಳಿ, ಕಟ್ಟಡಗಳಿಂದ ಬಿಡಬೇಕಾದ ಅಂತರ ಎಂದರೆ ಗೋಪುರದ ಎತ್ತರ, ರೆಕ್ಕೆ ಚಕ್ರದ ಅರ್ಧ ವ್ಯಾಸ, ಇನ್ನೂ 5 ಮೀಟರ್ ಸೇರಿದಷ್ಟು. ಗೋಪುರ 140 ಮೀಟರ್, ಚಕ್ರದ ವ್ಯಾಸ 144 ಮೀಟರ್ ಇದ್ದರೆ ಇದು 140 + 72 + 5 = 217 ಮೀಟರ್ ಆಗುತ್ತದೆ. ಶಬ್ದದ ಕಾರಣಕ್ಕೆ ವಾಸದ ಮನೆಗಳಿಂದ 500 ಮೀಟರ್ ದೂರ ಇರಬೇಕು ಎಂದೂ ಅದರಲ್ಲಿದೆ.

ಕೆಲಸ ಹಿಡಿಯುವವರು, ಕೂಲಿಗೆ ಹೋಗುವವರು

ಜೆಸಿಬಿ ಅಥವಾ ಟಿಪ್ಪರ್ ಸಾಲದಲ್ಲಿ ತಂದವರಿಗೆ ಎರಡು ತಿಂಗಳ ಬಿಲ್ ನಿಂತರೂ ಕಂತು ಕಟ್ಟುವುದು ಕಷ್ಟ. ದಿವಾಳಿ ಕಾನೂನು ಇವರಿಗೆ ದೊಡ್ಡ ಆಸರೆಯಲ್ಲ. ಪೂರೈಕೆದಾರರು ಬಾಕಿದಾರ ಕಂಪನಿಯ ಮೇಲೆ ದಿವಾಳಿ ಅರ್ಜಿ ಹಾಕಲು ಬಾಕಿ ಕನಿಷ್ಠ 1 ಲಕ್ಷ ರೂ. ಇದ್ದರೆ ಸಾಕಿತ್ತು. 2020ರ ಮಾರ್ಚ್‌ನಲ್ಲಿ ಆ ಮಿತಿಯನ್ನು 1 ಕೋಟಿ ರೂ.ಗೆ ಏರಿಸಲಾಯಿತು. ಬೇರೆಯವರು ಹಾಕಿದ ಅರ್ಜಿಯಿಂದ ಕಂಪನಿ ಮುಚ್ಚಿದರೂ, ಇದ್ದ ಹಣ ಹಂಚುವಾಗ ಬ್ಯಾಂಕುಗಳ ಸರದಿ ಮೊದಲು ಬರುತ್ತದೆ.

ಹಾಗಾಗಿ ಮುನ್ನೆಚ್ಚರಿಕೆಯೇ ಮುಖ್ಯ. ಬಾಯಿ ಮಾತಿನ ಬದಲು ಲಿಖಿತ ವರ್ಕ್ ಆರ್ಡರ್ ಪಡೆಯಿರಿ. ಗಂಟೆ ಲೆಕ್ಕದ ಲಾಗ್ ಪುಸ್ತಕಕ್ಕೆ ಪ್ರತಿದಿನ ಸಹಿ ಹಾಕಿಸಿ. ಉದ್ಯಮ್ ನೋಂದಣಿ ಮಾಡಿಸಿಕೊಳ್ಳಿ. 2006ರ ಕಾಯ್ದೆ ಪ್ರಕಾರ ಸರಕು, ಸೇವೆ ಪೂರೈಸುವ ಸಣ್ಣ ಉದ್ಯಮಗಳಿಗೆ ಗರಿಷ್ಠ 45 ದಿನದಲ್ಲಿ ಹಣ ಸಂದಾಯವಾಗಬೇಕು. ತಪ್ಪಿದರೆ ದೂರು ಕೊಡಲು ಆನ್‌ಲೈನ್ ವ್ಯವಸ್ಥೆ ಇದೆ. ಒಂದು ಬಿಲ್ ಬಾಕಿ ಇರುವಾಗಲೇ ಮುಂದಿನ ತಿಂಗಳ ಡೀಸೆಲ್ ನಿಮ್ಮ ಕೈಯಿಂದ ಹಾಕಬೇಡಿ.

ಕೂಲಿಯ ವಿಷಯದಲ್ಲಿ ಕಾನೂನು ಸ್ವಲ್ಪ ಗಟ್ಟಿಯಾಗಿದೆ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಪ್ರಧಾನ ಉದ್ಯೋಗದಾತನೇ ಕೊಡಬೇಕು ಎಂಬ ನಿಯಮ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲಿತ್ತು, ಹೊಸ ಕಾರ್ಮಿಕ ಸಂಹಿತೆಯಲ್ಲೂ ಉಳಿದಿದೆ. ಆದರೆ ಅಲ್ಲಿ ಕೆಲಸ ಮಾಡಿದ್ದಕ್ಕೆ ಪುರಾವೆ ಬೇಕು. ಹಾಜರಿ ಚೀಟಿ, ಗೇಟ್ ಪಾಸ್, ಬ್ಯಾಂಕ್ ಮೂಲಕ ಬಂದ ಕೂಲಿಯ ದಾಖಲೆ ಇಟ್ಟುಕೊಳ್ಳಿ.

ಫಾರ್ವರ್ಡ್ ಮಾಡುವ ಮುನ್ನ

ಗಾಳಿ ವಿದ್ಯುತ್ ಯೋಜನೆ ಊರಿಗೆ ಬರುವುದು ಕೆಟ್ಟದ್ದಲ್ಲ. ಸರಿಯಾದ ಒಪ್ಪಂದ ಇದ್ದರೆ ಜಮೀನಿಗೆ ಬಾಡಿಗೆ, ಊರಿನವರಿಗೆ ಕೆಲಸ ಸಿಗುತ್ತದೆ. ಆದರೆ "ದೊಡ್ಡ ಕಂಪನಿ ಬರುತ್ತಿದೆ" ಎಂಬ ಸಂದೇಶವನ್ನು ಮುಂದೆ ಕಳಿಸುವ ಮೊದಲು ಮೂರು ವಿಷಯ ನೋಡಿ. ಅದರಲ್ಲಿ ಕಂಪನಿಯ ಪೂರ್ಣ ಹೆಸರು ಇದೆಯೇ? ಸಂಪರ್ಕ ಸಂಖ್ಯೆ ಕಂಪನಿಯದೇ? ಎಲ್ಲಾದರೂ ಮುಂಗಡ ಹಣ ಕೇಳಿದ್ದಾರೆಯೇ? ಮೊದಲ ಎರಡಕ್ಕೆ "ಇಲ್ಲ" ಅಥವಾ ಮೂರನೆಯದಕ್ಕೆ "ಹೌದು" ಎಂಬ ಉತ್ತರ ಬಂದರೆ ಆ ಸಂದೇಶ ನಿಮ್ಮ ಫೋನಿನಲ್ಲೇ ನಿಲ್ಲಲಿ.