ಮಲ್ಲರ ತೂಕವೂ ಮನೆಯ ಊಟವೂ

೨೦೨೪ನೆಯ ಇಸವಿ ಆಗಸ್ಟ್ ೭ರ ಬೆಳಗ್ಗೆ ಪ್ಯಾರಿಸ್ ಒಲಿಂಪಿಕ್ ಕ್ರೀಡೆಗಳಲ್ಲಿ ನಡೆದುದನ್ನು ತಾವು ಬಲ್ಲಿರಿ. ೫೦ ಕಿಲೋಗ್ರಾಂ ವರ್ಗದ ಕುಸ್ತಿಯಲ್ಲಿ ಅಂತಿಮ ಪಂದ್ಯಕ್ಕೇರಿದ್ದ ವಿನೇಶ್ ಫೋಗಾಟರು ಕೇವಲ ೧೦೦ ಗ್ರಾಂ ಹೆಚ್ಚು ತೂಗಿದುದರಿಂದ ಅನರ್ಹರಾದರು. ಹಿಂದಿನ ರಾತ್ರಿಯೆಲ್ಲ ಬೆವರು ಹರಿಸಿದುದೂ, ಕೂದಲು ಕತ್ತರಿಸಿದುದೂ ಫಲಿಸಲಿಲ್ಲ. ಗರಡಿಗೆ ಹೋಗುವ ಮಕ್ಕಳುಳ್ಳ ಮನೆಯವರು ಈ ವಿಷಯವನ್ನು ಸ್ವಲ್ಪ ವಿಚಾರಿಸುವುದು ಒಳ್ಳೆಯದು.

ತೂಕವೆಂಬುದು ಒಂದೇ ಪದಾರ್ಥವಲ್ಲ. ಅದರಲ್ಲಿ ನೀರುಂಟು, ಮಾಂಸವುಂಟು, ಮೇದಸ್ಸುಂಟು. ಒಂದೆರಡು ದಿನಗಳಲ್ಲಿ ಇಳಿಯುವುದು ಬಹುಪಾಲು ನೀರೇ. ದೇಹತೂಕದಲ್ಲಿ ನೂರಕ್ಕೆ ೨ರಷ್ಟು ನೀರು ಕಳೆದರೂ ದಣಿವು ಬೇಗ ಬರುವುದು. ಮಿತಿಮೀರಿದರೆ ಪ್ರಾಣಕ್ಕೇ ಸಂಚಕಾರ. ೧೯೯೭ರ ಕೊನೆಯಲ್ಲಿ ಅಮೇರಿಕೆಯ ಮೂವರು ಕಾಲೇಜು ಮಲ್ಲರು, ಬೆವರಾರಗೊಡದ ಉಡುಪು ತೊಟ್ಟು ಬಿಸಿಯಲ್ಲಿ ವ್ಯಾಯಾಮ ಮಾಡಿ ತೂಕವಿಳಿಸಲು ಹೋಗಿ ಮೃತರಾದರು.

ಆದುದರಿಂದ ಕರಗಿಸತಕ್ಕುದು ಮೇದಸ್ಸನ್ನು, ಅದೂ ಮೆಲ್ಲಮೆಲ್ಲನೆ. ೬೦ ಕಿಲೋ ತೂಗುವವನು ವಾರಕ್ಕೆ ೩೦೦ರಿಂದ ೬೦೦ ಗ್ರಾಂ ಇಳಿದರೆ ಸಾಕು. ಊಟ ಕಡಮೆಯಾದಾಗ ಮಾಂಸಖಂಡಗಳು ಕ್ಷಯಿಸದಂತೆ ಅವನಿಗೆ ದಿನಕ್ಕೆ ೧೦೦ರಿಂದ ೧೪೦ ಗ್ರಾಂ ಸಸಾರಜನಕ ಬೇಕು. ನೂರು ಗ್ರಾಂ ತೊಗರಿಬೇಳೆಯಲ್ಲಿ ಸುಮಾರು ೨೨ ಗ್ರಾಂ, ಅರ್ಧ ಲೀಟರು ಹಾಲಿನಲ್ಲಿ ೧೬, ಒಂದು ಕೋಳಿಮೊಟ್ಟೆಯಲ್ಲಿ ೬ ದೊರೆಯುವುದು. ಇದನ್ನು ಒಂದೇ ಹೊತ್ತಿಗೆ ತುರುಕದೆ ನಾಲ್ಕು ಹೊತ್ತಿಗೆ ಹಂಚಬೇಕು. ಕರಿದ ತಿಂಡಿಯನ್ನೂ ಸಕ್ಕರೆಯನ್ನೂ ಮೊದಲು ಬಿಡಿಸಿರಿ. ವ್ಯಾಯಾಮಕ್ಕೆ ಮುಂಚಿನ ಅನ್ನವನ್ನಾಗಲಿ ಮುದ್ದೆಯನ್ನಾಗಲಿ ಬಿಡಿಸಬೇಡಿರಿ. ಬಿರುಸಿನ ಸೆಣಸಾಟಕ್ಕೆ ಅದೇ ಇಂಧನ.

ಇನ್ನು ಡಬ್ಬಿಯ ಪುಡಿಗಳು. ಬೇಳೆ ಹಾಲು ಸಾಲದಾದಾಗ ಹಾಲೊಡಕಿನ ಪುಡಿ ಅನುಕೂಲವೇ ಹೊರತು ಅದರಲ್ಲಿ ಬೇರೆ ಮಹಿಮೆಯಿಲ್ಲ. ಕ್ರಿಯಾಟಿನ್ ಎಂಬುದು ಕ್ಷಣಕಾಲದ ಬಲವನ್ನು ಹೆಚ್ಚಿಸುವುದು ದಿಟ. ಆದರೆ ಮಾಂಸಖಂಡಗಳಲ್ಲಿ ನೀರನ್ನು ಹಿಡಿದಿಟ್ಟು ತೂಕವನ್ನೂ ಏರಿಸುವುದು. ಕೊಬ್ಬು ಕರಗಿಸುವುವೆಂದು ಮಾರುವ ಗುಳಿಗೆಗಳಲ್ಲಿ ಚೀಟಿಯಲ್ಲಿ ಕಾಣಿಸದ ನಿಷಿದ್ಧ ದ್ರವ್ಯಗಳು ಸಿಕ್ಕಿದ್ದುಂಟು. ಪರೀಕ್ಷೆಯಲ್ಲಿ ಅವು ಕಂಡುಬಂದರೆ ಹೊಣೆ ನುಂಗಿದವರದೇ.

ತಾಯಂದಿರಿಗೆ ಒಂದು ಮಾತು. ಕುಸ್ತಿಯಾಡುವ ಮಗಳ ತಿಂಗಳ ಮುಟ್ಟು ನಿಂತರೆ ಅದನ್ನು ವ್ಯಾಯಾಮದ ಸಹಜಫಲವೆಂದು ಬಗೆಯಬಾರದು. ದೇಹದ ದುಡಿಮೆಗೆ ಆಹಾರ ಸಾಲದೆಂಬ ಸೂಚನೆ ಅದಾಗಿರಬಹುದು. ಉಪೇಕ್ಷಿಸಿದರೆ ಎಲುಬುಗಳು ದುರ್ಬಲವಾಗುವುವು. ಕೂಡಲೇ ವೈದ್ಯರಿಗೆ ತೋರಿಸಿರಿ. ಪಂದ್ಯಕ್ಕೆ ಎರಡು ಮೂರು ತಿಂಗಳು ಮುಂಚಿನಿಂದಲೇ ವಾರಕ್ಕೊಮ್ಮೆ ತೂಕ ಬರೆದಿಡಿರಿ. ಹಾಗೆ ಮಾಡಿಯೂ ಕೆಳಗಿನ ವರ್ಗಕ್ಕೆ ಇಳಿಯುವುದು ಕಷ್ಟವೆಂದು ತೋರಿದರೆ, ಮಕ್ಕಳನ್ನು ಹಸಿವಿನಿಂದ ಬಳಲಿಸದೆ ಮೇಲಿನ ವರ್ಗದಲ್ಲಿ ಆಡಗೊಡುವುದೇ ಲೇಸು.